ಮೇಷ್ಟ್ರು ನಗದ ಸಾಲು

ಆ ಅಚ್ಚುಕೂಟದಲ್ಲಿ ಎಲ್ಲರೂ ಅವಳನ್ನು ಓದಕ್ಕ ಎಂದೇ ಕರೆಯುತ್ತಿದ್ದರು. ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುವುದು ಅವಳ ಕೆಲಸ. ಎದುರಿಗೆ ಕೂತು ಅದನ್ನು ಕೇಳುತ್ತ, ಕರಡಚ್ಚಿನಲ್ಲಿ ತಪ್ಪಿದ್ದಲ್ಲೆಲ್ಲ ಕೆಂಪು ಪೆನ್ನು ಆಡಿಸುವುದು ಮೇಷ್ಟ್ರ ಕೆಲಸ. ಇಪ್ಪತ್ತಾರು ವರ್ಷದಲ್ಲಿ ಒಂದು ಸಾಲೂ ಬಿಟ್ಟವಳಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಳ್ಳುತ್ತಿದ್ದಳು. ಎರಡು ವರ್ಷದಿಂದ ಅಕ್ಷರಗಳು ಮಸುಕಾಗುತ್ತಿರುವುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಕಣ್ಣು ಕೈಕೊಟ್ಟವರನ್ನು ಮಾಲೀಕರು ಹಾಳೆ ಮಡಿಸುವ ಮೇಜಿಗೆ ಕಳಿಸಿಬಿಡುತ್ತಿದ್ದರು.

ಅಂದು ನಿಘಂಟಿನ ಸರದಿ. ‘ಹಾರು’ ಎಂಬ ಒಂದೇ ಪದಕ್ಕೆ ಎರಡು ಪುಟ. ಕರು ಬೇಲಿ ಹಾರುತ್ತದೆ, ಹೆದರಿದವನ ಎದೆ ಹಾರುತ್ತದೆ, ಸಾಲದ್ದಕ್ಕೆ ನಿದ್ದೆಯೂ ಹಾರುತ್ತದೆ. ಉದಾಹರಣೆಗಳೆಲ್ಲ ‘ಹಾರಿ’ ಎಂದೇ ಶುರು. ಒಂದೇ ಉಸಿರಿಗೆ ಓದಿ ಮುಗಿಸಿದಳು.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ತಟ್ಟನೆ ಹೊಳೆಯಿತು: ಮೇಷ್ಟ್ರು ನಗಲೇ ಇಲ್ಲ!

ಬೆಳಿಗ್ಗೆ ಹಾಳೆ ಜೋಡಿಸುವಾಗ ‘ಹಾರಿಬಿದ್ದ ಅತ್ತೆ ಆಮೇಲೆ ಕಾಫಿ ಕೇಳಿದಳು’ ಎಂಬ ಉದಾಹರಣೆ ಕಂಡು ಅವಳೇ ಕಿಸಕ್ಕನೆ ನಕ್ಕಿದ್ದಳು. ಅತ್ತೆ ಎಂದರೆ ಸಾಕು ಹೊಟ್ಟೆ ಕುಲುಕಿಸುವ ಮೇಷ್ಟ್ರು ಓದುವಾಗ ತುಟಿಪಿಟಕ್ಕೆನ್ನಲಿಲ್ಲ. ಅಂದರೆ ಆ ಸಾಲನ್ನು ತಾನು ಓದಿಯೇ ಇಲ್ಲ. ಕರಡಚ್ಚಿನಲ್ಲೂ ಅದಿಲ್ಲ, ಇದ್ದಿದ್ದರೆ ಮೇಷ್ಟ್ರು ತಡೆಯುತ್ತಿದ್ದರು. ಅಕ್ಷರ ಜೋಡಿಸಿದವನ ಕಣ್ಣು ಒಂದು ‘ಹಾರಿ’ಯಿಂದ ಇನ್ನೊಂದಕ್ಕೆ ಜಾರಿದೆ, ತನ್ನದೂ ಅಲ್ಲೇ ಜಾರಿದೆ.

ಎರಡು ಗಂಟೆಗೆ ಆ ಪುಟಗಳು ಅಚ್ಚಿನ ಮೆಷಿನ್ನಿಗೆ. ಡಬ್ಬಿ ಮುಚ್ಚಿಟ್ಟಳು. ಮೂರು ಸಲ ನೀರು ಕುಡಿದಳು. ಮೆಷಿನ್ ಕೋಣೆಯ ಬಾಗಿಲಿಗೆ ಹೋದಳು, ಬಂದಳು, ಮತ್ತೆ ಹೋದಳು. ಒಂದು ಅತ್ತೆ ಕಡಿಮೆಯಾದರೆ ಯಾರ ಮನೆ ಮುಳುಗುತ್ತದೆ? ಎಷ್ಟೋ ಸೊಸೆಯರು ಹರಸಿಯಾರು!

“ಏನಕ್ಕಾ, ಅಂಗಾಲು ಸುಟ್ಟ ಬೆಕ್ಕಿನ ಥರ ಸುತ್ತಾ ಇದೀರಾ?” ಎಂದ ಮೆಷಿನ್ನಿನವನು.

“ಸೆಕೆ ಕಣಪ್ಪ.”

“ಫ್ಯಾನು ಅಲ್ಲಿದೆ, ನೀವು ಇಲ್ಲಿದೀರಿ.”

ಅವನು ಗುಂಡಿಯ ಮೇಲೆ ಕೈಯಿಟ್ಟ.

“ನಿಲ್ಸು!” ತನ್ನ ಕೂಗಿಗೆ ತಾನೇ ಹೌಹಾರಿದಳು. “ಒಂದು ಸಾಲು ಬಿಟ್ಟಿದೀನಿ. ನಂಗೆ... ಕಣ್ಣು ಸರಿಯಾಗಿ ಕಾಣಲ್ಲ.”

ಮೇಷ್ಟ್ರು ಓಡಿಬಂದರು. ಹಸ್ತಪ್ರತಿ ನೋಡಿದರು, ಕರಡಚ್ಚು ನೋಡಿದರು, ಕೊನೆಗೆ ಅವಳನ್ನು ನೋಡಿದರು.

“ಎರಡು ವರ್ಷದಿಂದ ಹಾಳೆ ಮೂಗಿಗೆ ಒರೆಸಿಕೊಂಡು ಓದ್ತಿದ್ದೀರಿ. ನೆಗಡಿ ಅಂದ್ಕೊಂಡಿದ್ದೆ,” ಎನ್ನುತ್ತ ಜೇಬಿನಿಂದ ತಮ್ಮ ಹಳೇ ಕನ್ನಡಕ ತೆಗೆದುಕೊಟ್ಟರು. “ಮಾಲೀಕರ ಹತ್ರ ಏನು ಹೇಳೋಣ?”

“ಇದ್ದದ್ದನ್ನೇ. ನಾನೇ ಹೇಳ್ತೀನಿ. ಮಡಿಸೋ ಮೇಜಾದ್ರೆ ಮಡಿಸೋ ಮೇಜು. ಮೊದಲು ಕೂತ್ಕೊಳ್ಳಿ.”

ಒಂದು ಕಡ್ಡಿ ಸಡಿಲವಾದ ಕನ್ನಡಕವನ್ನು ಕೈಯಲ್ಲಿ ಹಿಡಿದುಕೊಂಡು ಮೊದಲ ಸಾಲಿನಿಂದ ಓದಿದಳು. ಅತ್ತೆ ಬಂದಳು, ಹಾರಿಬಿದ್ದಳು, ಕಾಫಿ ಕೇಳಿದಳು. ಮೇಷ್ಟ್ರು ನಕ್ಕ ರಭಸಕ್ಕೆ ಕೆಂಪು ಪೆನ್ನು ಕೆಳಗೆ ಬಿತ್ತು.

“ಮುಗೀತಾ ಅಕ್ಕಾ? ಆ ಸಾಲು ಸೇರಿಸ್ಕೊಂಡು ಮೆಷಿನ್ ಹಚ್ಲಾ?” ಎಂದ ಆ ಕಡೆಯಿಂದ ಮೆಷಿನ್ನಿನವನು.

“ತಾಳಪ್ಪಾ,” ಎಂದಳು ಓದಕ್ಕ, ಹಿಂದಿನ ಪುಟ ತಿರುವುತ್ತ. “ನಿನ್ನೆ ಓದಿದ್ದನ್ನೂ ಒಂದ್ಸಲ ನೋಡ್ತೀನಿ.”