ಮಲ್ಲಿಕಾಂಬ ಕೇಳಿಸಿದ ಇಪ್ಪತ್ತೆರಡನೆಯ ಪ್ರಶ್ನೆ

1985ರ ವಿಧಾನಸಭಾ ಚುನಾವಣೆಯ ನಂತರ ಕಡೂರು, ತರೀಕೆರೆ, ಅಜ್ಜಂಪುರದ ಸುತ್ತಿನ ಹಳ್ಳಿಗಳಲ್ಲಿ ಆರುನೂರು ಜನರನ್ನು ಮಾತನಾಡಿಸಿ, ಯಾರು ಮತ ಹಾಕಿದರು, ಯಾರು ಹಾಕಲಿಲ್ಲ ಎಂದು ತಿಳಿಯುವ ಸಮೀಕ್ಷೆ ನನ್ನ ಪಾಲಿಗೆ ಬಂದಿತು. ಮನೆಮನೆಗೆ ಹೋದವರಲ್ಲಿ ಮಲ್ಲಿಕಾಂಬ ಒಬ್ಬಳು. ಸಿಂಗಟಗೆರೆಯ ಮಗಳು, ಅಜ್ಜಂಪುರದ ಸೊಸೆ, ಬಿ.ಎ. ಓದಿದವಳು. ಅವಳು ತುಂಬಿದ ಹಾಳೆಗಳಲ್ಲಿ ಒಂದು ಉತ್ತರದ ಜಾಗವೂ ಖಾಲಿ ಇರಲಿಲ್ಲ.

ಮತ ಹಾಕುವುದರ ಮೇಲೆ ಯಾವ ಅಂಶ ಎಷ್ಟು ತೂಗುತ್ತದೆ ಎಂದು ಅಳೆಯುವ ಲಾಜಿಸ್ಟಿಕ್ ರಿಗ್ರೆಷನ್ ಲೆಕ್ಕದ ಫಲಿತಾಂಶ ವಿಶ್ವವಿದ್ಯಾಲಯದ ಕಂಪ್ಯೂಟರಿನಿಂದ ಬಂದಿತು. ಮತ ಹಾಕಿದವರಿಗೂ ಹಾಕದವರಿಗೂ ಇರುವ ಅನುಪಾತ, ವಯಸ್ಸು ಓದು ಸಮಾನವಾಗಿದ್ದರೂ, ಹೊಸದಾಗಿ ಮದುವೆಯಾದ ಹೆಂಗಸರಲ್ಲಿ ಉಳಿದವರ ಮೂರನೆಯ ಒಂದು ಪಾಲಿನಷ್ಟೇ ಇತ್ತು. ‘ಇವರಿಗೆ ರಾಜಕೀಯದಲ್ಲಿ ಆಸಕ್ತಿ ಕಡಿಮೆ’ ಎಂದು ವರದಿಯಲ್ಲಿ ಬರೆದೆ. ಕರಡು ನಕಲು ಮಾಡಲು ಬಂದ ಮಲ್ಲಿಕಾಂಬ ಆ ಸಾಲಿನಲ್ಲಿ ಲೇಖನಿ ನಿಲ್ಲಿಸಿದಳು.

“ಆಸಕ್ತಿ ಇಲ್ಲ ಅಂತ ಯಾರು ಹೇಳಿದ್ರು ಸಾರ್?”

“ಲೆಕ್ಕ ಹೇಳುತ್ತೆ ಕಣಮ್ಮ.”

“ಲೆಕ್ಕ ಅವರ ಮನೆಗೆ ಹೋಗಿತ್ತಾ? ನಾನು ಹೋಗಿದ್ದೆ. ನನ್ ಹೆಸರೇ ಇನ್ನೂ ಸಿಂಗಟಗೆರೆ ಓಟಿನ ಪಟ್ಟೀಲಿದೆ. ಓಟು ಹಾಕೋಕೆ ಹೋಗ್ತೀನಿ ಅಂದ್ರೆ ನಮ್ಮತ್ತೆ, ‘ಓಟಿನ ನೆಪ ಹೇಳಿ ತೌರಿಗೆ ಹೋಗೋಳ್ನ ನಿನ್ನೇ ನೋಡಿದ್ದು ಕಣೇ’ ಅಂದ್ರು. ಈ ಸಾಲು ಅಚ್ಚಾದ್ರೆ ನಾನೂ ಆಸಕ್ತಿ ಇಲ್ಲದೋಳೇ.”

ತಪ್ಪು ನನ್ನದು. ಮಾತನಾಡಿಸಬೇಕಾದವರನ್ನು ಮನೆಗಳಿಂದ ಆರಿಸಿದ್ದೆ, ಮತದಾರರ ಪಟ್ಟಿಯಿಂದಲ್ಲ. ಮದುವೆಯಾದ ಹೆಣ್ಣು ಗಂಡನ ಊರಿಗೆ ಬಂದರೂ ಅವಳ ಹೆಸರು ವರ್ಷಗಟ್ಟಲೆ ತೌರಿನಲ್ಲೇ ಉಳಿಯುತ್ತದೆ. ನನ್ನ ಇಪ್ಪತ್ತೊಂದು ಪ್ರಶ್ನೆಗಳಲ್ಲಿ ಅದು ಇರಲಿಲ್ಲ. ಆದರೂ ಒಬ್ಬಳ ಮಾತಿನ ಮೇಲೆ ಸಾಲು ಅಳಿಸುವಂತಿರಲಿಲ್ಲ. ವರದಿ ಕಳಿಸಲು ಹದಿನೈದು ದಿನ ಉಳಿದಿತ್ತು.

‘ಹೆಸರು ಯಾವ ಊರಿನ ಪಟ್ಟಿಯಲ್ಲಿದೆ’ ಎಂಬ ಇಪ್ಪತ್ತೆರಡನೆಯ ಪ್ರಶ್ನೆ ಹಿಡಿದು, ಒಂಬತ್ತು ದಿನ ಬಸ್ಸಿನಲ್ಲೂ ನಡೆದೂ ಮಲ್ಲಿಕಾಂಬ ಸಮೀಕ್ಷೆಯಲ್ಲಿದ್ದ ಹೊಸದಾಗಿ ಮದುವೆಯಾದ ಐವತ್ತೆಂಟು ಹೆಂಗಸರ ಮನೆಗೆ ಮತ್ತೆ ಹೋದಳು. ದೇವನೂರಿನಲ್ಲಿ ಅಂಜಿನಮ್ಮ ಎಂಬ ಮುದುಕಿ, “ಆವತ್ತು ಓಟು ಹಾಕಿದ್ಯಾ ಅಂದೆ, ಈಗ ಹೆಸ್ರು ಎಲ್ಲೈತೆ ಅಂತೀಯ. ಇನ್ನೊಂದ್ಸಲ ಬಂದು ಗಂಡ ಎಲ್ಲವ್ನೆ ಅಂತೀಯೇನೆ?” ಎಂದಳಂತೆ. ನಕ್ಕು, ಸೊಸೆಯನ್ನು ಹೊರಗೆ ಕರೆದಳಂತೆ.

ನಲವತ್ತೊಂದು ಜನರ ಹೆಸರು ಗಂಡನ ಊರಿನ ಪಟ್ಟಿಯಲ್ಲಿ ಇರಲಿಲ್ಲ. ಸಮೀಕ್ಷೆಯ ಉಳಿದೆಲ್ಲರ ಹೆಸರುಗಳನ್ನು ಪಟ್ಟಿಯೊಡನೆ ನಾನೇ ತಾಳೆ ನೋಡಿದೆ. ಆ ಅಂಶವನ್ನು ಸೇರಿಸಿ ಮತ್ತೆ ಲೆಕ್ಕ ಮಾಡಿಸಿದಾಗ, ಉಳಿದವರ ಮೂರನೆಯ ಒಂದು ಪಾಲಿದ್ದ ಅನುಪಾತ ಹೆಚ್ಚುಕಡಿಮೆ ಅವರ ಸಮಕ್ಕೇ ಬಂದಿತು. ಉಳಿದ ಅಂತರ ಆಕಸ್ಮಿಕವೂ ಆಗಿರಬಹುದು.

“ಇದರಿಂದ ಅವರಿಗೆ ಆಸಕ್ತಿ ಇತ್ತು ಅಂತಲೂ ಸಾಧಿಸಿದ ಹಾಗಾಗಲಿಲ್ಲ,” ಎಂದೆ.

“ಬೇಡ ಸಾರ್. ಇಲ್ಲ ಅಂತ ಬರೀಬೇಡಿ, ಅಷ್ಟೇ.”

ಸಾಲನ್ನು ಹೊಡೆದುಹಾಕಿ, ಪಟ್ಟಿಯ ವಿಷಯ ಬರೆದೆ. ವರದಿ ಹೊತ್ತಿಗೆ ಸರಿಯಾಗಿ ಹೋಯಿತು.

ಮುಂದಿನ ಪಟ್ಟಿ ಪರಿಷ್ಕರಣೆಯಲ್ಲಿ ತನ್ನ ಹೆಸರನ್ನು ಅಜ್ಜಂಪುರಕ್ಕೆ ಬದಲಿಸಲು ಮಲ್ಲಿಕಾಂಬ ಅರ್ಜಿ ಕೊಟ್ಟಳು. ಅದರ ಜೊತೆಗೆ ಬೀದಿಯ ಇನ್ನೂ ಆರು ಜನ ಸೊಸೆಯರ ಅರ್ಜಿಗಳಿದ್ದವು. 1987ರ ಜಿಲ್ಲಾ ಪರಿಷತ್ ಚುನಾವಣೆಯ ದಿನ ಅಜ್ಜಂಪುರದ ಮತಗಟ್ಟೆಯ ಬಳಿ ಅವಳನ್ನು ಕಂಡೆ. ಸಾಲಿನಲ್ಲಿ ಅವಳ ಮುಂದೆ ನಿಂತಿದ್ದ ಅತ್ತೆ ಕರಿಬಸಮ್ಮ ಹಿಂದಿದ್ದವರಿಗೆ ಹೇಳುತ್ತಿದ್ದರು: “ನಮ್ ಸೊಸೆಗೆ ಇನ್ಮೇಲೆ ತೌರಿಗೆ ಹೋಗೋಕೆ ಬೇರೆ ನೆಪ ಬೇಕು ಕಣ್ರೀ.”