ಮಿಲ್ಲು ಶುರುವಾಗುವ ಮುನ್ನ ಒಂದು ‘ಅ’

ಮಾನ್ವಿಯಲ್ಲಿ ಬೆಳಗು ಎರಡು ಸಲ ಆಗುತ್ತದೆ. ಮೊದಲನೆಯದು ಮೂಡಣದಲ್ಲಿ, ಸದ್ದಿಲ್ಲದೆ. ಎರಡನೆಯದು ಅಕ್ಕಿ ಮಿಲ್ಲಿನ ಮೋಟಾರು ಹೊರಳಿದಾಗ, ಊರಿಗೆಲ್ಲ ಕೇಳುವಂತೆ. ಕಲ್ಯಾಣಿಯವರ ಅತಿ ಮುಖ್ಯವಾದ ಕೆಲಸ ಈ ಎರಡು ಬೆಳಗಿನ ನಡುವೆ ನಡೆಯುತ್ತದೆ.

ಸಿಂಧನೂರು ರಸ್ತೆಗೆ ಮುಖ ಮಾಡಿದ ಮಳಿಗೆ ಸಾಲಿನಲ್ಲಿ ಅವರ ಕಂಪ್ಯೂಟರ್ ರಿಪೇರಿ ಅಂಗಡಿಯ ಶಟರ್ ಅರ್ಧ ಮೇಲೇರಿದೆ. ಶಹಾಬಾದ್ ಕಲ್ಲಿನ ನೆಲ ಗುಡಿಸಿ, ನೀರು ಚಿಮುಕಿಸಿ, ಮೂಲೆಯ ಮೇಜಿನ ಮೇಲೆ ಹೊದಿಸಿದ ಹಳೆಯ ಸೀರೆ ತುಂಡನ್ನು ಸರಿಸುತ್ತಾರೆ. ಅದರಡಿ ಇರುವುದು ದಪ್ಪನೆಯ ಒಂದು ಕೀಲಿಮಣೆ, ಡಬ್ಬದಂಥ ಟಿ.ವಿ., ಒಂದು ಟೇಪ್ ರೆಕಾರ್ಡರ್. ಎಂಬತ್ತರ ದಶಕದಲ್ಲಿ ಮನೆಗೆ, ಶಾಲೆಗೆ ಎಂದು ಬಂದ ಕಂಪ್ಯೂಟರ್ ಇದು. ಇದರ ಮಿದುಳೆಲ್ಲ ಆ ಕೀಲಿಮಣೆಯ ಹೊಟ್ಟೆಯಲ್ಲೇ ಇದೆ. ಸ್ವಿಚ್ ಒತ್ತಿದರೆ ಟಿ.ವಿ. ಗುಂಯ್ ಎನ್ನುತ್ತದೆ, ಸ್ವಲ್ಪ ಹೊತ್ತಿಗೆ ಕಪ್ಪು ಪರದೆಯ ಮೂಲೆಯಲ್ಲಿ ಒಂದು ಚಿಕ್ಕ ಗೆರೆ ಮಿಟುಕುತ್ತದೆ.

“ಏನವ್ವಾ, ನಿನ್ನ ಮುದುಕಿ ಎದ್ದಾಳೇನು?” ಪಕ್ಕದ ಹೊಲಿಗೆ ಅಂಗಡಿಯಿಂದ ಕುಬ್ರಾ ಬೇಗಂ ಕೇಳುತ್ತಾರೆ.

“ಎದ್ದಾಳ್ರಿ. ಕಣ್ಣು ಹೊಡಿಯಾಕತ್ತಾಳ.”

“ಈ ವಯಸ್ಸಿನ್ಯಾಗ ಯಾರಿಗಂತ?”

ಮುದುಕಿಯನ್ನು ನಸುಕಿನಲ್ಲೇ ಎಬ್ಬಿಸಬೇಕು. ಅಂಗಡಿಯ ಹಿಂದಿನ ಮಿಲ್ಲು ಶುರುವಾದರೆ ವೋಲ್ಟೇಜ್ ಕುಸಿಯುತ್ತದೆ, ಅಲ್ಲಿಯವರೆಗೆ ಅದಕ್ಕೆ ಹೇಳಿದ್ದೆಲ್ಲ ಅಳಿಸಿಹೋಗುತ್ತದೆ. “ಇನ್ವರ್ಟರ್ ಹಚ್ಚಿ ನೋಡೀನ್ರಿ. ಪರದಿ ಮ್ಯಾಲಿನ ಅಕ್ಷರ ನೀರಾಗ ಅಲ್ಲಾಡಿದಂಗ ಅಲ್ಲಾಡ್ತಾವ,” ಎನ್ನುತ್ತಾರೆ ಕಲ್ಯಾಣಿ.

ಇವತ್ತು ಆ ಪರದೆ ಅಲ್ಲಾಡಬಾರದು. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂತವರು ಹಂಪಣ್ಣ ಮಾಸ್ತರರು, ದೇವದುರ್ಗದಲ್ಲಿ ಕಲ್ಯಾಣಿಯವರಿಗೆ ಗಣಿತ ಕಲಿಸಿದವರು. ನಿನ್ನೆ ಸಂಜೆಯೇ ಬಂದು ಶಿಷ್ಯೆಯ ಮನೆಯಲ್ಲಿ ಉಳಿದಿದ್ದಾರೆ. ಎಡಗಣ್ಣು ಪೂರ್ತಿ ಆರಿದೆ. ಬಲಗಣ್ಣಿನ ನರವೂ ಒಣಗುತ್ತಿದೆ, ಇರುವ ಬೆಳಕು ಬಹಳ ದಿನ ಉಳಿಯದು ಎಂದು ರಾಯಚೂರಿನ ಡಾಕ್ಟರು ಹೇಳಿದ್ದಾರೆ. ಮಾಸ್ತರರು ಫೋನು ಮಾಡಿ ಕೇಳಿದ್ದು ಒಂದೇ ಮಾತು: “ಕಲ್ಯಾಣಿ, ನಮ್ಮ ಅ ಇನ್ನೊಮ್ಮೆ ನೋಡಬೇಕಾಗೇದ.”

ಆ ‘ಅ’ ಹುಟ್ಟಿದ್ದು ಸುಮಾರು ನಲವತ್ತು ವರ್ಷದ ಹಿಂದೆ, ದೇವದುರ್ಗದ ಒಂದು ಪ್ರೌಢಶಾಲೆಯಲ್ಲಿ. ಇದೇ ಕಂಪ್ಯೂಟರ್ ಮರದ ಪೆಟ್ಟಿಗೆಯಲ್ಲಿ ಬಂದು, ಹೊಸದಾಗಿ ಸುಣ್ಣ ಬಳಿದ ಕೋಣೆಯಲ್ಲಿ ಕೂತಿತು. ಬಾಗಿಲಲ್ಲಿ ಚಪ್ಪಲಿ ಬಿಡಬೇಕೆಂಬ ನಿಯಮವಾಯಿತು. “ನಮ್ಮಪ್ಪ ತಾಯಣ್ಣ ಕಲ್ಲು ಒಡಿಯೋರು, ನಮ್ಮವ್ವ ಶೇಖಮ್ಮ ಹತ್ತಿ ಬಿಡಿಸಾಕ ಹೋಗೋರು. ಬಿಡಾಕ ನನಗ ಚಪ್ಪಲ್ ಎಲ್ಲಿದ್ವು? ಹಂಗಾಗಿ ಎಲ್ಲಾರಿಗಿಂತ ಮುಂಚೆ ಒಳಗ ನಾನೇ ಹೊಕ್ಕೇನಿ,” ಎಂದು ಕಲ್ಯಾಣಿ ನಗುತ್ತಾರೆ.

ಆ ಯಂತ್ರಕ್ಕೆ ಇಂಗ್ಲಿಷ್ ಬಿಟ್ಟು ಬೇರೆ ಅಕ್ಷರ ಗೊತ್ತಿರಲಿಲ್ಲ. ಆದರೆ ಒಂದು ಉಪಾಯವಿತ್ತು. ಎಂಟು ಸಾಲು, ಸಾಲಿಗೆ ಎಂಟು ಚುಕ್ಕಿಯ ಒಂದು ಚೌಕದಲ್ಲಿ ಯಾವ ಚುಕ್ಕಿ ಬೆಳಗಬೇಕು, ಯಾವುದು ಬೇಡ ಎಂದು ಅಂಕಿಗಳಲ್ಲಿ ಹೇಳಿದರೆ, ಹೇಳಿದ ಆಕಾರವನ್ನು ಅದು ಪರದೆಯ ಮೇಲೆ ಮೂಡಿಸುತ್ತಿತ್ತು. ಹಂಪಣ್ಣನವರಿಗೆ ಲೆಕ್ಕ ಬರುತ್ತಿತ್ತು, ಚಿತ್ರ ಬರುತ್ತಿರಲಿಲ್ಲ. ತರಗತಿಗೆ ಬಂದು, “ಚುಕ್ಕಿ ಇಟ್ಟು ಚಂದ ಬರಿಯೋರು ಯಾರಿದ್ದೀರಿ?” ಎಂದು ಕೇಳಿದರು. ಹುಡುಗಿಯರೆಲ್ಲ ಹಿಂದಿನ ಸಾಲಿಗೆ ಬೆರಳು ತೋರಿಸಿದರು. ಆಗಸ್ಟ್ ಹದಿನೈದಕ್ಕೆ ಶಾಲೆಯ ಅಂಗಳದಲ್ಲಿ ರಂಗೋಲಿ ಇಡುತ್ತಿದ್ದವಳು ಹತ್ತಿ ಬಿಡಿಸುವ ಶೇಖಮ್ಮನ ಮಗಳೇ.

ಮೊದಲ ಸಲ ಎಡವಟ್ಟಾಯಿತು. ಚುಕ್ಕಿ ರಂಗೋಲಿಯಲ್ಲಿ ಗೆರೆ ಚುಕ್ಕಿಯನ್ನು ಬಳಸಿಕೊಂಡು ಹೋಗುತ್ತದೆ, ಚುಕ್ಕಿ ಗೆರೆಯ ನಡುವೆ ಉಳಿಯುತ್ತದೆ. ಹುಡುಗಿ ಹಾಗೆಯೇ ಬರೆದಳು. ಪರದೆಯ ಮೇಲೆ ಮೂಡಿದ್ದು ಅಕ್ಷರವಲ್ಲ, ಜೇನುಗೂಡು. “ಇಲ್ಲಿ ಗೆರಿ ಇಲ್ಲವ್ವಾ, ಚುಕ್ಕಿನೇ ಗೆರಿ,” ಎಂದರು ಮಾಸ್ತರರು. ಇನ್ನೊಂದು ತೊಡಕೂ ಇತ್ತು. “ಇಂಗ್ಲಿಷ್ ಅಕ್ಷರ ಸೆಟದು ನಿಂದರ್ತಾವ, ಒಂದು ಚೌಕದಾಗ ಹಿಡಿಸ್ತಾವ. ನಮ್ಮವು ಉಂಡು ತೇಗಿದಂಥ ಗುಂಡನ್ನ ಅಕ್ಷರ. ಮಗ್ಗಲಕ ಮಗ್ಗಲ ಎರಡು ಚೌಕ ಕೊಟ್ಟಾಗ್ಲೇ ಕುಂತ್ವು,” ಎನ್ನುತ್ತಾರೆ ಕಲ್ಯಾಣಿ. ಅ ದಿಂದ ಳ ವರೆಗೆ ಒಂದೊಂದನ್ನೂ ಅವಳು ಗ್ರಾಫ್ ಹಾಳೆಯ ಮೇಲೆ ಚುಕ್ಕಿಯಲ್ಲಿ ಇಟ್ಟಳು, ಮಾಸ್ತರರು ಅಂಕಿಗೆ ತಿರುಗಿಸಿದರು. ಅವೆಲ್ಲ ಒಂದು ಹಾಡಿನ ಕ್ಯಾಸೆಟ್ಟಿನಲ್ಲಿ ದಾಖಲಾದವು, ಆ ಕಾಲದ ಮನೆ ಕಂಪ್ಯೂಟರಿಗೆ ಟೇಪೇ ಉಗ್ರಾಣ. ಗ್ರಾಫ್ ಹಾಳೆಗಳನ್ನು ಗೆದ್ದಲು ಎಂದೋ ತಿಂದಿದೆ. ಯಂತ್ರವನ್ನು ಶಾಲೆ ಹರಾಜಿಗೆ ಹಾಕಿದಾಗ ಮಾಸ್ತರರೇ ಹೇಳಿಕಳಿಸಿದರು. ಕಲ್ಯಾಣಿ ಗೋಣಿಚೀಲದಲ್ಲಿ ಅದನ್ನು ಕ್ಯಾಸೆಟ್ಟಿನ ಸಮೇತ ಹೊತ್ತು ತಂದರು.

ಆ ಹೊತ್ತಿಗೆ ಅವರು ರಾಯಚೂರಿನ ಒಂದು ಟೈಪಿಂಗ್ ಶಾಲೆಯಲ್ಲಿ ಕಲಿತು, ಅಲ್ಲಿಯೇ ಕಂಪ್ಯೂಟರ್ ಬಿಚ್ಚುವುದನ್ನೂ ಕಲಿತು, ಮಾನ್ವಿಗೆ ಬಂದು ಅಂಗಡಿ ಹಾಕಿದ್ದರು. ಗಿರಾಕಿಗಳು ಬಂದು ಅವರನ್ನೇ ನೋಡಿ, “ರಿಪೇರಿ ಮಾಡೋರು ಎಲ್ಲಿ ಹೋಗ್ಯಾರ?” ಎನ್ನುತ್ತಿದ್ದರು. “ಮುಂದ ಕುಂತಾಳಲ್ಲ, ಕಣ್ಣಿಗೆ ಕಾಣವಲ್ಲಳೇನು?” ಎಂದು ಉತ್ತರಿಸುತ್ತಿದ್ದವರು ಕುಬ್ರಾ ಬೇಗಂ.

ಇವತ್ತಿಗೂ ಅವರ ದುಡಿಮೆಯ ಹೆಚ್ಚು ಪಾಲು ಹಳೆಯ ಯಂತ್ರಗಳದ್ದೇ. ಅಕ್ಕಿ ಮಿಲ್ಲಿನ ಆಫೀಸು, ಲಾರಿ ತೂಗುವ ಕಾಟಾ, ದೇವದುರ್ಗದ ಫೋಟೊ ಸ್ಟುಡಿಯೊ, ಎಲ್ಲ ಕಡೆ ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದ್ದೋ ಆಮೇಲಿನದ್ದೋ ಒಂದು ಕಂಪ್ಯೂಟರ್ ಇನ್ನೂ ಗಾಣದೆತ್ತಿನಂತೆ ಸುತ್ತುತ್ತಿದೆ. ಒಳಗೆ ತೌಡಿನ ಧೂಳು ಬೆರಳುದ್ದ ಕೂತಿರುತ್ತದೆ. ಬೇಸಿಗೆಯಲ್ಲಿ ಇರುವೆ, ಚಳಿಗಾಲದಲ್ಲಿ ಬೆಚ್ಚಗಿರಲೆಂದು ಹೊಕ್ಕ ಹಲ್ಲಿ. ಬಣ್ಣ ಹಚ್ಚುವ ಕುಂಚದಿಂದ ಕಲ್ಯಾಣಿ ಅದನ್ನೆಲ್ಲ ಹಸುಗೂಸಿನ ಮೈ ಒರೆಸಿದಂತೆ ಒರೆಸುತ್ತಾರೆ. ದಿನಕ್ಕೆ ನಾಲ್ಕಾರು ಯಂತ್ರ. ಸಿಗದ ಬಿಡಿಭಾಗಕ್ಕೆ ರಾಯಚೂರಿನ ಗುಜರಿ ಅಂಗಡಿಗಳಿಗೆ ಓಡಾಟ.

ಮೊದಮೊದಲು ಕೆಲವು ದೊಡ್ಡ ಮನೆಯವರು ಕಂಪ್ಯೂಟರನ್ನು ತಮ್ಮ ಮನೆ ಹೊರಗಿನ ಕಟ್ಟೆಗೆ ತಂದಿಡುತ್ತಿದ್ದರು. ಇವರ ಕೇರಿ ಯಾವುದೆಂದು ಊರಿಗೆ ಗೊತ್ತಿತ್ತು. ಕಲ್ಯಾಣಿ ಆ ಕಟ್ಟೆಯ ಮೇಲೆಯೇ ಕೂತು ರಿಪೇರಿ ಮಾಡಿ ಎದ್ದು ಬರುತ್ತಿದ್ದರು. “ಆಮ್ಯಾಲೆ ಪ್ರಿಂಟರ್ ಬಂತು, ಇಂಟರ್ನೆಟ್ ಬಂತು, ವೈರು ಬಳ್ಳಿ ಹಬ್ಬಿದಂಗ ಹಬ್ಬಿದ್ವು. ಹೊರಗ ತರಾಕ ಬರವಲ್ದು. ನನ್ನೇ ಒಳಗ ಕರೀಬೇಕಾತು,” ಎನ್ನುತ್ತಾರೆ. ಮಾತಿನಲ್ಲಿ ಕಹಿ ಇಲ್ಲ, ಮರೆವೂ ಇಲ್ಲ. “ಈಗ ಅದೇ ಮನ್ಯಾಗ ಚಾ ಕೊಡ್ತಾರ. ಸಕ್ರಿ ಜಾಸ್ತಿ ಹಾಕಿರ್ತಾರ.”

ಒಂದು ಕಾಲಕ್ಕೆ ಅವರ ಬಳಿ ಬರುತ್ತಿದ್ದ ಯಂತ್ರಗಳಿಗೆ ತಲೆಗೊಂದು ಸ್ವಭಾವವಿತ್ತು. ಒಂದರ ಟೇಪು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. “ನಮ್ಮ ಕಡೆ ಜ್ವಾಳ ಇದ್ದಂಗ ನೋಡ್ರಿ. ಗುಂಜಹಳ್ಳಿ ಜ್ವಾಳದ ರೊಟ್ಟಿ ರುಚಿ ಬ್ಯಾರೆ, ಕಲ್ಮಲದ್ದು ಬ್ಯಾರೆ. ಆಮ್ಯಾಲೆ ಒಂದೇ ಬೀಜ ಬಂತು, ಎಲ್ಲಾ ಹೊಲಕ್ಕೂ ಅದೇ ಆತು.” ವಿಂಡೋಸ್ ಬಂದ ಮೇಲೆ ಯಾವ ಅಂಗಡಿಯ ಪರದೆ ಹೊತ್ತಿಸಿದರೂ ಹಸಿರು ಗುಡ್ಡ, ನೀಲಿ ಆಕಾಶ. “ನಮ್ಮ ರಾಯಚೂರು ಸೀಮಿಯಾಗ ಅಂಥಾ ಹಸರು ಗುಡ್ಡ ಯಾರು ಕಂಡಾರ್ರಿ? ಇಲ್ಲಿರೋವೆಲ್ಲ ಕರಿ ಕಲ್ಲಬಂಡಿ. ಆದ್ರ ಕಾಟಾದಾಗೂ ಅದೇ ಗುಡ್ಡ, ಮಿಲ್ಲಿನ್ಯಾಗೂ ಅದೇ ಗುಡ್ಡ. ಒಂದಿನ ಕನಸಿನ್ಯಾಗೂ ಬಂತು.”

ಹಾಗೆಂದು ದೂರುವುದಿಲ್ಲ. “ಅದರಿಂದ ನನ್ನ ಹೊಟ್ಟಿ ತುಂಬೇದ, ಸುಳ್ಳು ಹೇಳಬಾರದು. ಒಂದು ಕಲ್ತ್ರ ಊರ ಮಿಷಿನ್‌ಗೆಲ್ಲ ಕೈ ಹಾಕಬಹುದು. ಆದ್ರ ಅದು ಏಳೋದೇ ತಡ, ಇದು ಒತ್ತು, ಅದು ಒಪ್ಪಿಕೋ ಅಂತ ಜೀವ ತಿಂತದ. ಈ ಮುದುಕಿ ಹಂಗಲ್ರಿ. ಎದ್ದು ಸುಮ್ಮನ ಕುಂದರ್ತಾಳ. ನೀ ಏನು ಹೇಳ್ತಿ ಹೇಳವ್ವಾ, ನಾ ಕೇಳ್ತೀನಿ ಅಂತಾಳ.”

ಕೇಳಲು ಮುದುಕಿ ಸಿದ್ಧಳಿದ್ದಾಳೆ, ಹೇಳಬೇಕಾದ ಟೇಪು ಸರಿಯಿಲ್ಲ. ಅದಕ್ಕೆ ಕಾರಣ ಹತ್ತು ವರ್ಷದ ಹಿಂದಿನ ಒಂದು ಮಹಾನವಮಿ. ದುಡಿಯುವ ಸಾಮಾನಿಗೆ ಪೂಜೆ ಮಾಡುವ ದಿನ ಇಡೀ ಮಳಿಗೆ ಸಾಲಿಗೆ ಚೆಂಡು ಹೂ ಬರುತ್ತದೆ. ಕಲ್ಯಾಣಿ ಬುದ್ಧನ ಪಟದ ಮುಂದೆ ಸ್ಕ್ರೂಡ್ರೈವರು, ಕುಂಚ, ಇಕ್ಕಳ ಎಲ್ಲ ಜೋಡಿಸಿದ್ದರು. ಕ್ಯಾಸೆಟ್ಟು ಕೆಳಗಿದ್ದದ್ದು ಕುಬ್ರಾ ಬೇಗಂ ಅವರಿಗೆ ಸರಿಕಾಣಲಿಲ್ಲ. “ಮಾಸ್ತರ ವಿದ್ಯಾ ಅದ ಅದ್ರಾಗ. ತೆಳಗ ಇಡ್ತಾರೇನು?” ಎಂದು ಎತ್ತಿ, ಅಂಗಡಿಯಲ್ಲೇ ಎತ್ತರದ ಜಾಗವಾದ ದೊಡ್ಡ ಸ್ಪೀಕರಿನ ತಲೆಯ ಮೇಲಿಟ್ಟರು, ಹೂವನ್ನೂ ಏರಿಸಿದರು. ಪೂಜೆಗೆ ಇಟ್ಟದ್ದನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಸ್ಪೀಕರಿನ ಹೊಟ್ಟೆಯಲ್ಲಿ ಅಯಸ್ಕಾಂತವಿರುತ್ತದೆ. ಬೆಳಗಾಗುವುದರೊಳಗೆ ಅದು ಟೇಪಿನೊಳಗಿನ ಅಕ್ಷರ ನೆಕ್ಕಿರಲೇಬೇಕು.

“ನಾ ಇಜ್ಜತ್ ಕೊಟ್ಟೆ, ಅದು ಅಕ್ಷರಾನೇ ಕಳಕೊಂಡುಬಿಡ್ತು,” ಎನ್ನುತ್ತಾರೆ ಕುಬ್ರಾ ಬೇಗಂ. ನಗುತ್ತಲೇ ಹೇಳಿದರೂ ಇವತ್ತು ಅವರು ಹೊಲಿಗೆ ಬಿಟ್ಟು ಬಂದು ಬಾಗಿಲಲ್ಲೇ ನಿಂತಿದ್ದಾರೆ.

ಎಷ್ಟು ಅಳಿಸಿದೆಯೋ ಎಷ್ಟು ಉಳಿದಿದೆಯೋ ಎಂದು ಕಲ್ಯಾಣಿ ಇಷ್ಟು ವರ್ಷ ಅದನ್ನು ಮತ್ತೆ ಹಾಕಿ ನೋಡಿಲ್ಲ. ಸವೆದ ಟೇಪು, ಇನ್ನೊಂದು ಸಲ ತಿರುಗಿದರೆ ಹರಿದೀತು. ಈಗ ಕ್ಯಾಸೆಟ್ಟು ಹಾಕಿ ಗುಂಡಿ ಒತ್ತುತ್ತಾರೆ. ಭಜನೆಗೆ ಮುಂಚೆ ಶ್ರುತಿ ಹಿಡಿದಂತೆ ಒಂದೇ ಎಳೆಯ ನಾದ ಬರುತ್ತದೆ. ಅದರ ಹಿಂದೆ ಸಜ್ಜೆ ಕೇರಿದಂಥ ಗರಗರ. ಮಾಸ್ತರರ ಮುಖ ಅರಳುತ್ತದೆ. “ಅದೇ... ಅದೇ ದನಿ.” ಕಲ್ಯಾಣಿ ತಲೆ ಬಾಗಿಸಿ ಕೇಳುತ್ತಿದ್ದಾರೆ. ಗರಗರ ತೆಳ್ಳಗಾಗುತ್ತದೆ, ದೂರ ಹೋಗುತ್ತದೆ, ಇಲ್ಲವಾಗುತ್ತದೆ. ಟೇಪು ಬರಿದೇ ಸುತ್ತುತ್ತದೆ. ಪರದೆಯ ಮೇಲಿನ ಗೆರೆ ಮೊದಲಿನಂತೆಯೇ ಮಿಟುಕುತ್ತಿದೆ.

ಹಿಂದಿನ ಮಿಲ್ಲಿನಲ್ಲಿ ಗೇಟು ತೆರೆದ ಸದ್ದು ಕೇಳುತ್ತದೆ.

“ಹೋಗಲಿ ಬಿಡವ್ವಾ,” ಎನ್ನುತ್ತಾರೆ ಮಾಸ್ತರರು. “ದನಿಯರೆ ಕೇಳಿದ್ನಲ್ಲ.”

ಕಲ್ಯಾಣಿ ಹೊರಗೆ ಹೋಗಿ, ಬಾಗಿಲ ಬದಿಯ ಗೂಡಿನಿಂದ ರಂಗೋಲಿ ಬಟ್ಟಲು ತರುತ್ತಾರೆ. ಒದ್ದೆ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಚುಕ್ಕಿ ಇಡತೊಡಗುತ್ತಾರೆ. ಎಂಟು ಸಾಲು, ಮಗ್ಗುಲಿಗೆ ಮತ್ತೆ ಎಂಟು ಸಾಲು. ಆಮೇಲೆ ಬೇಡದ ಚುಕ್ಕಿಗಳನ್ನು ಒಂದೊಂದಾಗಿ ಬೆರಳಿನಿಂದ ಒರೆಸುತ್ತಾರೆ. ಕೈ ಎಲ್ಲೂ ನಿಂತು ಯೋಚಿಸುವುದಿಲ್ಲ.

“ಸರ್, ನಾ ಸಾಲು ಓದ್ತೀನಿ. ನೀವು ಕೂಡಿಸ್ರಿ.”

ಮಾಸ್ತರರು ನೆಟ್ಟಗೆ ಕೂರುತ್ತಾರೆ. ಸಾಲಿನ ಎಂಟು ಜಾಗಕ್ಕೆ ಎಂಟು ಬೆಲೆ, ಒಂದರ ಇಮ್ಮಡಿ ಇನ್ನೊಂದು. ಅದನ್ನು ಅವರು ತರಗತಿಗೆಲ್ಲ ಮಗ್ಗಿಯಂತೆ ರಾಗ ಕಟ್ಟಿ ಹೇಳಿಸುತ್ತಿದ್ದರು. ಒಂದು, ಎರಡು, ನಾಲ್ಕು, ಎಂಟು, ಹದಿನಾರು... ನೆಲದ ಚುಕ್ಕಿ ಅವರ ಕಣ್ಣಿಗೆ ಕಾಣದು. ಕಲ್ಯಾಣಿಯವರ ದನಿ ಸಾಕು.

“ಇಲ್ಲ, ಇಲ್ಲ, ಅದ, ಅದ, ಅದ, ಅದ, ಇಲ್ಲ, ಇಲ್ಲ.”

“ಅರವತ್ತು.”

ಕಲ್ಯಾಣಿ ಎದ್ದು ಅರವತ್ತು ಒತ್ತಿ ಮತ್ತೆ ಕೂರುತ್ತಾರೆ. “ಇಲ್ಲ, ಅದ, ಇಲ್ಲ, ಇಲ್ಲ, ಇಲ್ಲ, ಇಲ್ಲ, ಅದ, ಇಲ್ಲ.” “ಅರವತ್ತಾರು.” ಹೇಳುವವರು ಒಬ್ಬರು, ಒಪ್ಪಿಸುವವರು ಒಬ್ಬರು. ಅಂಗಡಿಯೊಳಗೆ ಒಂದು ಪದ್ಯ ಕಟ್ಟಿದಂತೆ ಸಾಲಿಗೆ ಸಾಲು ಕೂಡುತ್ತದೆ. ಒಂದು ಚೌಕ ಮುಗಿದು ಎರಡನೆಯದು ಶುರುವಾದಾಗ ಹಿಂದಿನಿಂದ ಮಿಲ್ಲಿನ ಅಂಬರೇಶನ ಸಿಳ್ಳೆ ಕೇಳುತ್ತದೆ. ಮೋಟಾರು ಹಾಕುವ ಮುಂಚೆ ಅವನು ಹಾಗೆ ಸಿಳ್ಳು ಹಾಕುವುದು ವಾಡಿಕೆ. ಕುಬ್ರಾ ಬೇಗಂ ಸೆರಗು ಸರಿಮಾಡಿಕೊಂಡು ಓಣಿಗೆ ಧಾವಿಸುತ್ತಾರೆ.

“ಅಂಬರೇಶಾ, ಮೋಟಾರ್ ಹಾಕಬ್ಯಾಡೋ. ಅಕ್ಷರ ಅರ್ಧಾ ಆಗೇದ.”

“ಅಕ್ಷರ ಅರ್ಧಾ ಅಂದ್ರ ಏನ್ರೀ ಚಾಚಿ? ಮಾಲಕರು ಕೇಳಿದ್ರ ಏನ್ ಹೇಳ್ಲಿ?”

“ಬೆಲ್ಟ್ ಜಾರೇದ ಅನ್ನು. ದಿನಾ ಜಾರ್ತದಲ್ಲ, ಇವತ್ತೊಂದಿನ ನನ್ನ ಸಲುವಾಗಿ ಜಾರಲಿ.”

ಕೊನೆಯ ಸಾಲು. ಕೊನೆಯ ಅಂಕಿ. ಕಲ್ಯಾಣಿ ಗುಂಡಿ ಒತ್ತುತ್ತಾರೆ. ಕಪ್ಪು ಪರದೆಯ ನಟ್ಟನಡುವೆ ಬೆಳ್ಳಗೆ ಒಂದು ‘ಅ’ ಮೂಡಿ ನಿಲ್ಲುತ್ತದೆ. ಮಾಸ್ತರರನ್ನು ಕೈಹಿಡಿದು ಟಿ.ವಿ.ಯ ಮುಂದೆ ತರುತ್ತಾರೆ. ಅವರು ಮೂಗು ತಾಗುವಷ್ಟು ಹತ್ತಿರ ಬಾಗಿ, ಬಲಗಣ್ಣನ್ನು ಅಕ್ಷರದ ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ನಿಧಾನವಾಗಿ ನಡೆಸುತ್ತಾರೆ. ಬಹಳ ಹೊತ್ತು.

“ಏ ಕಲ್ಯಾಣಿ.”

“ಸರ್.”

“ಬಲಗಡಿ ಸುಳಿ ಆವಾಗ ಒಂದು ಚುಕ್ಕಿ ಒಳಗಿತ್ತು.”

ಕಲ್ಯಾಣಿ ನೆಲದ ರಂಗೋಲಿ ನೋಡುತ್ತಾರೆ. ಬಾಗಿ, ಸುಳಿಯ ತುದಿಯನ್ನು ಒರೆಸಿ, ಒಂದು ಚುಕ್ಕಿ ಒಳಗೆ ತಂದಿಡುತ್ತಾರೆ. “ಹೌದ್ರಿ ಸರ್. ಒಳಗೇ ಇತ್ತು.” ತಪ್ಪು ಹಿಡಿಸಿಕೊಂಡ ಮುಖ ಇಷ್ಟು ಅರಳುವುದು ಅಪರೂಪ. ಮಾಸ್ತರರಿಗೆ ಒಂದು ಚುಕ್ಕಿಯ ಹೆಚ್ಚುಕಡಿಮೆಯೂ ಕಂಡಿದೆ.

ಹಿಂದೆ ಮೋಟಾರು ಹೊರಳುತ್ತದೆ. ಟ್ಯೂಬ್‌ಲೈಟು ಮಂಕಾಗಿ, ಪರದೆ ಕುಗ್ಗಿ, ಅಕ್ಷರ ಇಲ್ಲವಾಗುತ್ತದೆ. ಅದನ್ನು ಹೊಸ ಕ್ಯಾಸೆಟ್ಟಿಗೆ ತುಂಬಿಡುವಂತೆಯೂ ಇಲ್ಲ. ಆ ರೆಕಾರ್ಡರು ಕೇಳಿಸುತ್ತದೆ, ಬರೆದುಕೊಳ್ಳುವುದನ್ನು ಎಂದೋ ಬಿಟ್ಟಿದೆ.

“ಹಾಯ್ ಅಲ್ಲಾ, ಮತ್ತ ಹೋತು,” ಎನ್ನುತ್ತಾರೆ ಕುಬ್ರಾ ಬೇಗಂ.

“ಹೋಗಲಿ ಬಿಡ್ರಿ,” ಎಂದು ಕಲ್ಯಾಣಿ ಕೈಗಂಟಿದ ಬಿಳಿ ಪುಡಿ ಕೊಡವುತ್ತಾರೆ. “ಟೇಪಿನ್ಯಾಗಿಂದು ಅಳಿಸಿತ್ತು. ಇದು ಕೈಯಾಗಿಂದು.”

ಮಾಸ್ತರರು ಕುರ್ಚಿ ತಡವಿಕೊಂಡು ಕೂರುತ್ತಾರೆ. “ದೇವದುರ್ಗದ ಬಸ್ಸು ನಾಳಿನೂ ಇರ್ತದಲ್ಲ?”

“ಇರ್ತದ್ರಿ.”

“ಹಂಗಾದ್ರ ನಾಳಿ ಹೋದ್ರಾತು. ‘ಆ’ ಒಂದು ನೋಡ್ಕೊಂಡು ಹೋಗ್ತೀನಿ.”

“ಆಮ್ಯಾಲೆ ಇ, ಈ,” ಎನ್ನುತ್ತಾರೆ ಕುಬ್ರಾ ಬೇಗಂ. “ಮಾಸ್ತರ್, ನಿಮ್ಮ ಚೀಲ ಬಿಚ್ಚಿಬಿಡ್ರಿ.”

ಕಲ್ಯಾಣಿಯವರ ಬೇಡಿಕೆಯೂ ಅಷ್ಟೇ. “ಸರ್ ಕಣ್ಣಾಗ ಬೆಳಕು ಇರೋದ್ರೊಳಗ ಳ ತನಕ ಮುಟ್ಟಿದ್ರ ಸಾಕ್ರಿ.”

ಬಿಸಿಲೇರಿ ಅಂಗಡಿಯ ಶಟರ್ ಪೂರ್ತಿ ತೆರೆಯುತ್ತದೆ. ಮೊದಲ ಗಿರಾಕಿ, ಲಾರಿ ಕಾಟಾದವನು, ಕೆಟ್ಟ ಕಂಪ್ಯೂಟರನ್ನು ಹೆಗಲ ಮೇಲೆ ಹೊತ್ತು ಒಳಗೆ ಕಾಲಿಡುತ್ತಾನೆ. ಕಲ್ಯಾಣಿ ತಲೆ ಎತ್ತದೆಯೇ ಹೇಳುತ್ತಾರೆ:

“ನೆಲ ನೋಡಿ ಬರ್ರಿ. ಅಲ್ಲಿ ಅಕ್ಷರ ಅದ.”