ಗೆರೆಯಣ್ಣನ ಎರಡು ಮಾರು

ಬೆಳಗಿನ ಐದೂವರೆ. ಇಡೀ ಫುಟ್‌ಬಾಲ್ ಮೈದಾನಕ್ಕೆ ನಾನೊಬ್ಬನೇ ಪ್ರೇಕ್ಷಕ. ಗ್ಯಾಲರಿಯ ಕೆಳಗಿನ ಕಬ್ಬಿಣದ ಬಾಗಿಲು ಕಿರ್ರೆನ್ನುತ್ತದೆ. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದ, ಮೈಗೆ ಹೋಲಿಸಿದರೆ ಕೈಗಳೇ ಉದ್ದವಾದ ಒಬ್ಬರು ಪುಟ್ಟ ಗಾಲಿಗಾಡಿ ತಳ್ಳಿಕೊಂಡು ಹೊರಬರುತ್ತಾರೆ. ಹುಲ್ಲು ಶುರುವಾಗುವಲ್ಲಿ ಚಪ್ಪಲಿ ಬಿಡುತ್ತಾರೆ. ಗೋಣಿಚೀಲವೊಂದನ್ನು ಹುಲ್ಲಿನ ಮೇಲೆ ಎಳೆದು ಇಬ್ಬನಿ ಒರೆಸುತ್ತಾರೆ. ಒದ್ದೆ ಹುಲ್ಲಿಗೆ ಬಣ್ಣ ಹಿಡಿಯುವುದಿಲ್ಲ.

ಗಾಡಿಯ ಡಬ್ಬಿಯಲ್ಲಿ ಬಿಳಿ ಬಣ್ಣವಿದೆ. ಗಾಡಿ ಉರುಳಿದಂತೆ ಹಿಂದೆ ಗೆರೆ ಮೂಡುತ್ತಾ ಹೋಗುತ್ತದೆ. ನಾಲ್ಕು ಬದಿಯ ಅಂಚು, ನಡುಗೆರೆ, ಗೋಲಿನ ಮುಂದಿನ ಚೌಕಗಳು. ಎಲ್ಲ ಸೇರಿ ಏಳುನೂರು ಮೀಟರ್‌ಗೂ ಮಿಕ್ಕಿದ ಗೆರೆ. ಪ್ರತಿ ಪಂದ್ಯಕ್ಕೂ ಮೂರು ಸಲ ಇದೇ ದಾರಿ ನಡೆಯಬೇಕು, ಒಂದು ಸಲ ಇಬ್ಬನಿ ಒರೆಸುತ್ತಾ, ಎರಡು ಸಲ ಬಣ್ಣ ಬಿಡುತ್ತಾ. ಇಪ್ಪತ್ತಮೂರು ವರ್ಷದಿಂದ ಇವರು ಹೀಗೆ ನಡೆಯುತ್ತಿದ್ದಾರೆ. ಆಟಗಾರರಿಗೂ ಬಡಾವಣೆಗೂ ಇವರು ಗೆರೆಯಣ್ಣ. ಸಂಬಳದ ಪಟ್ಟಿಯಲ್ಲಿ ಬೇರೆ ಹೆಸರಿದೆಯಂತೆ. "ಆ ಹೆಸರಲ್ಲಿ ಕರೆದ್ರೆ ನಾನೇ ತಿರುಗಿ ನೋಡಲ್ಲ ಸಾರ್" ಎನ್ನುತ್ತಾರೆ.

ನಡುವಿನ ವೃತ್ತ ಕೊನೆಗೆ. ಮೈದಾನದ ನಟ್ಟನಡುವೆ ಗೂಟ ಹೊಡೆದು, ಹಗ್ಗ ಕಟ್ಟಿ, ಬಿಗಿಯಾಗಿ ಹಿಡಿದು ಸುತ್ತುತ್ತಾರೆ. ಬೇರೆ ಯಾರೇ ಆಗಿದ್ದರೂ ನಡುಗೆರೆ ವೃತ್ತವನ್ನು ಮುಟ್ಟುವ ಕಡೆಯಿಂದ ಶುರು ಮಾಡುತ್ತಿದ್ದರು. ಅದು ಕಣ್ಣಿಗೆ ಕಾಣುವ ಗುರುತು. ಇವರು ಅದನ್ನು ದಾಟಿ, ಆಟಗಾರರ ಹಾಸ್ಟೆಲ್ ಇರುವ ಕಡೆಗೆ ಇನ್ನಷ್ಟು ನಡೆದು, ಗುರುತೇ ಇಲ್ಲದ ಜಾಗದಲ್ಲಿ ಗಾಡಿ ನಿಲ್ಲಿಸುತ್ತಾರೆ. ಅಲ್ಲಿಂದ ಹೊರಡುತ್ತಾರೆ.

"ಅಲ್ಲಿಂದಲೇ ಯಾಕೆ?" ಎಂದು ಕೇಳಿದೆ.

"ಎಲ್ಲಿಂದಾದ್ರೂ ಶುರು ಮಾಡ್ಬೇಕಲ್ಲ" ಎಂದು ಮಾತು ತೇಲಿಸಿಬಿಟ್ಟರು.

ನಾನು ಹದಿನಾಲ್ಕು ವರ್ಷದಿಂದ ಈ ಕ್ಲಬ್ಬಿನ ಪಂದ್ಯಗಳ ವರದಿ ಬರೆಯುತ್ತಿದ್ದೇನೆ. ಗೆರೆಯ ಬಗ್ಗೆ ಬರೆದದ್ದು ಒಂದೇ ಸಲ, ಚೆಂಡು ಗೆರೆ ದಾಟಿತೋ ಇಲ್ಲವೋ ಎಂದು ರೆಫರಿಯ ಜೊತೆ ಊರೆಲ್ಲ ಜಗಳಕ್ಕೆ ನಿಂತಾಗ. ಆ ಗೆರೆ ಎಳೆದವರು ಯಾರು ಎಂದು ಕೇಳುವ ಬುದ್ಧಿ ನನಗೆ ಅವತ್ತೂ ಬರಲಿಲ್ಲ. ಸೋಂಕಿನ ವರ್ಷ ಪಂದ್ಯಗಳೆಲ್ಲ ನಿಂತು, ಮಾಡಲು ಕೆಲಸವಿಲ್ಲದೆ ಮೈದಾನಕ್ಕೆ ಬಂದು ಕೂತಾಗಲಷ್ಟೇ ಇವರು ನನ್ನ ಕಣ್ಣಿಗೆ ಬಿದ್ದರು. ನಾಚಿಕೆಯ ಸಂಗತಿ, ಆದರೆ ನಿಜ.

ಕ್ಲಬ್ಬಿನ ಮೈದಾನ ಬಡಾವಣೆಯ ಹೊಟ್ಟೆಯೊಳಗಿದೆ. ಸುತ್ತ ಮೂರು ಮಹಡಿಯ ಹಳೇ ಮನೆಗಳು, ಎರಡು ಸೈಕಲ್ ಎದುರುಬದುರಾದರೆ ಒಂದು ಇಳಿಯಬೇಕಾದ ಓಣಿಗಳು. ತರಕಾರಿ ಮಾರುಕಟ್ಟೆಯೂ ಅಂಥದೇ ಒಂದು ಓಣಿಯಲ್ಲಿತ್ತು. ಸೋಂಕು ಹಬ್ಬಿದಾಗ ಮೊದಲು ಮುಚ್ಚಿಸಿದ್ದು ಅದನ್ನೇ. ಆ ವಾರ ತಂಡದ ನಾಯಕ ಕ್ಲಬ್ಬಿನ ಆಡಳಿತದವರ ಮುಂದೆ ಹೋಗಿ ನಿಂತು, "ನಮ್ಮತ್ರ ಇಷ್ಟು ಜಾಗ ಇದೆ, ಜನಕ್ಕೆ ಕಾಲಿಡೋಕೆ ಜಾಗ ಇಲ್ಲ" ಎಂದರಂತೆ. ಎರಡೇ ದಿನದಲ್ಲಿ ತರಕಾರಿ ಮಾರುಕಟ್ಟೆಗೆ ಮೈದಾನದ ಗೇಟು ತೆರೆಯಿತು. ಬಟ್ಟೆ ಬದಲಿಸುವ ಕೋಣೆ ಔಷಧಿಯ ಗೋದಾಮಾಯಿತು. ಹೊರದೇಶದ ಆಟಗಾರರು ಊರಿಗೆ ಹೋಗಿ ಖಾಲಿಯಾಗಿದ್ದ ಹಾಸ್ಟೆಲ್ ಕೋಣೆಗಳನ್ನು ಆಸ್ಪತ್ರೆಯ ನರ್ಸುಗಳಿಗೆ ಬಿಟ್ಟುಕೊಟ್ಟರು. ಉಳಿದ ಹದಿನೆಂಟು ಆಟಗಾರರು ದಿನಕ್ಕೆ ಇನ್ನೂರ ಎಪ್ಪತ್ತು ಮನೆಗಳ ಬಾಗಿಲಿಗೆ ಈರುಳ್ಳಿ, ಹಾಲು, ಮಾತ್ರೆ ಹೊತ್ತರು.

ಅದಕ್ಕೆಲ್ಲ ಒಪ್ಪದವರು ಒಬ್ಬರೇ, ನಮ್ಮ ಗೆರೆಯಣ್ಣ. ಮಳೆ ಬಂದ ಮಾರನೇ ದಿನ ಹುಲ್ಲಿಗೆ ಕಾಲಿಟ್ಟರೆ ನಾಯಕನಿಗೂ ಬೈಗುಳ ತಪ್ಪುತ್ತಿರಲಿಲ್ಲ. ಅಂಥವರಿಗೆ ಅಲ್ಲಿ ಕೈಗಾಡಿ ನಿಲ್ಲಿಸುತ್ತೇವೆ ಎಂದರೆ?

"ಮುಖ ಗಂಟು ಹಾಕ್ಕೊಂಡು ಮನೆಗೆ ಹೋದೆ. ಹೆಂಡ್ತಿ ಒಂದೇ ಮಾತು ಹೇಳಿದ್ಲು. ಹುಲ್ಲು ಮತ್ತೆ ಹುಟ್ಟತ್ತೆ ಕಣ್ರೀ, ಅಂತ. ಬೆಳಗ್ಗೆ ಬಂದು ನಾನೇ ಗೇಟು ತೆಗೆದೆ."

ಸಾಲಿನಲ್ಲಿ ನಿಲ್ಲುವವರ ನಡುವೆ ಆರಡಿ ಅಂತರ ಇರಬೇಕೆಂದು ಅಪ್ಪಣೆಯಾಗಿತ್ತು. ಅಳತೆಯ ಪಟ್ಟಿ ಕೊಡಲು ಬಂದವರನ್ನು ಇವರು ವಾಪಸ್ ಕಳಿಸಿದರು. "ಆರಡಿ ಅಂದ್ರೆ ಒಂದು ಮಾರು. ಮಾರು ನನ್ನ ಮೈಯಲ್ಲೇ ಇದೆ." ಎರಡೂ ಕೈ ಅಗಲಿಸಿ ಚಾಚಿದರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಒಂದು ಮಾರು. ಇವರದು ಆರಡಿಗೆ ಒಂದಂಗುಲ ಹೆಚ್ಚೇ ಇದೆ. "ಮಾರೋರಿಗೂ ಮಾರು, ಕೊಳ್ಳೋರಿಗೂ ಮಾರು" ಎಂದು ತಮ್ಮ ಜೋಕಿಗೆ ತಾವೇ ನಗುತ್ತಾರೆ. ಹಗ್ಗವನ್ನು ಮಾರು ಹಾಕಿ ಅಳೆದು ಗುರುತು ಬರೆಯಲು ಕೂತರು.

ಇಲ್ಲೇ ಅವರು ಎಡವಿದ್ದು. ಮೈದಾನದ ಮಧ್ಯೆ ಅಷ್ಟು ಚೆಂದದ ವೃತ್ತ ತಯಾರಿರುವಾಗ ಹೊಸ ಗೆರೆ ಯಾಕೆ ಎಂದುಕೊಂಡು, ಅದರ ಮೇಲೆಯೇ ಮಾರಿಗೊಂದರಂತೆ ಗುರುತು ಹಾಕಿದರು. ಸರಿಯಾಗಿ ಮೂವತ್ತೊಂದು ಬಂತು. ತರಕಾರಿ ಗಾಡಿಗಳನ್ನು ನಡುವೆ ನಿಲ್ಲಿಸಿದರು. ಅಷ್ಟು ವರ್ಷ ಗೆರೆ ಎಳೆದವರಿಗೆ ವೃತ್ತಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ ಎನ್ನುವುದು ಹೊಳೆಯಲಿಲ್ಲ. ಬೆಳಗ್ಗೆ ಮೂವತ್ತೊಂದು ಜನ ಬಂದು ಮೂವತ್ತೊಂದು ಗುರುತಿನ ಮೇಲೆ ನಿಂತರು. ಸಾಲಿನಲ್ಲಿ ಮೊದಲಿಗರು ಯಾರು?

"ನಾನೇ ಮೊದಲು!" ಎಂದು ಕೊಡೆಯನ್ನು ನೆಲಕ್ಕೆ ಕುಟ್ಟಿದವರು ಬಡಾವಣೆಯ ನಿವೃತ್ತ ಹೆಡ್‌ಮೇಷ್ಟ್ರಮ್ಮ. ಉಳಿದ ಮೂವತ್ತು ಜನರೂ ಅದನ್ನೇ ಹೇಳಿದರು. ಗಲಾಟೆ ಬಿಡಿಸಲು ಹೋದ ತಂಡದ ಗೋಲ್‌ಕೀಪರ್ ಪಾಪದ ಮನುಷ್ಯ. "ಮೊದಲು ಬಂದೋರು ಕೈ ಎತ್ತಿ" ಎಂದ. ಮೂವತ್ತೊಂದು ಕೈ ಮೇಲೆದ್ದವು. ಆಮೇಲೆ ಯಾರಿಗೋ ನಗು ಬಂತು. ವಾರಗಟ್ಟಲೆ ಬಾಗಿಲು ಹಾಕಿಕೊಂಡು ಕೂತಿದ್ದ ಜನ, ಎದುರಿಗೆ ನಿಂತವರ ಮುಖ ನೋಡಿಕೊಂಡು ಹೊಟ್ಟೆ ಹಿಡಿದು ನಕ್ಕರು. ಹೆಡ್‌ಮೇಷ್ಟ್ರಮ್ಮನಿಗೆ ಅವತ್ತಿನಿಂದ 'ಮೊದಲಮ್ಮ' ಎಂದೇ ಹೆಸರಾಯಿತು. ಅವರೂ ಅದನ್ನು ಬಿರುದಿನಂತೆ ಹೊತ್ತು ತಿರುಗಿದರು.

ಮಧ್ಯಾಹ್ನದ ಹೊತ್ತಿಗೆ ಗೆರೆಯಣ್ಣ ಮೈದಾನದ ಇನ್ನೊಂದು ಅರ್ಧದಲ್ಲಿ ನೇರ ಸಾಲುಗಳನ್ನು ಬರೆದು, ಗಾಡಿಗಳನ್ನು ಅತ್ತ ಸಾಗಿಸಿದರು. ವೃತ್ತದ ಗುರುತು ಅಳಿಸಲು ಹೊರಟಾಗ ತಡೆದದ್ದು ನಾಯಕ. "ಅಣ್ಣಾ, ಬಿಡು. ನೋಡಲ್ಲಿ" ಎಂದರಂತೆ. ತರಕಾರಿ ಕೊಂಡವರು ಮನೆಗೆ ಹೋಗದೆ ವೃತ್ತಕ್ಕೆ ವಾಪಸ್ ಬಂದು ನಿಂತಿದ್ದರು, ಮಾರಿಗೊಬ್ಬರು. ಕೂಗಿ ಕೂಗಿ ಮಾತಾಡುತ್ತಿದ್ದರು.

ಹೀಗೆ ತಪ್ಪಿ ಹಾಕಿದ ಗುರುತು ಬಡಾವಣೆಯ ಹರಟೆಕಟ್ಟೆಯಾಯಿತು. ಐದು ತಿಂಗಳು, ಬೆಳಗ್ಗೆ ಎಂಟರಿಂದ ಒಂಬತ್ತು. ಆ ವೃತ್ತದಲ್ಲಿ ಹಾಸ್ಟೆಲ್ ಕಡೆಯ ಒಂದು ಗುರುತು ನರ್ಸುಗಳದ್ದು. ರಾತ್ರಿ ಪಾಳಿ ಮುಗಿಸಿದವರು ಸರದಿಯಂತೆ ಅಲ್ಲಿ ಬಂದು ನಿಲ್ಲುತ್ತಿದ್ದರು. ಅದರ ಎರಡೂ ಪಕ್ಕ ಒಂದೊಂದು ಗುರುತು ಖಾಲಿ. ಉಳಿದವರಿಗೆ ಮಾರು ದೂರವಾದರೆ ನರ್ಸುಗಳಿಗೆ ಎರಡು ಮಾರು. ಆ ಗುರುತಿಗೆ ಬರುವವರಲ್ಲಿ ಒಬ್ಬರು ಗೆರೆಯಣ್ಣನ ಮಗಳು.

ಮನೆಯಲ್ಲಿ ಇರುವುದು ಮೂವರೇ. ಹೆಂಡತಿಗೆ ಹಳೇ ಉಬ್ಬಸ. ಗೋಲಿನ ಬಲೆ ಹರಿದರೆ ಹೊಲಿದುಕೊಡುವವರು ಅವರೇ, ಕಿಟಕಿ ಪಕ್ಕ ಕೂತು, ನಡುನಡುವೆ ಉಸಿರು ಎಳೆದುಕೊಳ್ಳುತ್ತಾ. ಮಗಳು ಸೋಂಕಿನ ವಾರ್ಡಿನಲ್ಲಿ ಕೆಲಸಕ್ಕೆ ನಿಂತ ದಿನವೇ ಮನೆಗೆ ಬರುವುದಿಲ್ಲ ಎಂದುಬಿಟ್ಟರು. ತನ್ನಿಂದ ಅಮ್ಮನಿಗೆ ಏನಾದರೂ ಆದರೆ ಎನ್ನುವ ಭಯ. ಹಾಸ್ಟೆಲ್ ಕೋಣೆಯಿಂದ ಮನೆಗೆ ನಡೆದರೆ ಏಳು ನಿಮಿಷ. ಐದು ತಿಂಗಳು ಆ ಏಳು ನಿಮಿಷ ಯಾರೂ ನಡೆಯಲಿಲ್ಲ.

ಹಾಗಾಗಿ ಅಪ್ಪ, ಮಗಳು ವೃತ್ತದಲ್ಲಿ ಎದುರುಬದುರು ನಿಲ್ಲುತ್ತಿದ್ದರು. ನಡುವೆ ಇಪ್ಪತ್ತು ಗಜ. ಅಮ್ಮ ದಿನಕ್ಕೊಂದು ಪ್ರಶ್ನೆ ಕಳಿಸುತ್ತಿದ್ದರು. ಅಪ್ಪ ಅದನ್ನು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದರು: "ಅಮ್ಮ ಕೇಳ್ತಿದಾಳೆ, ಕಾಲುಚೀಲ ಒಣಗಿಸಿ ಹಾಕ್ಕೊಳ್ತೀಯಾ ಅಂತ!"

"ಹೂಂ ಅಪ್ಪಾ!"

"ಸುಳ್ಳು! ನಿನ್ನೆ ಕಿಟಕೀಲಿ ಒದ್ದೆದೇ ನೇತಾಡ್ತಿತ್ತು" ಎಂದು ಮೊದಲಮ್ಮ ಚಾಡಿ ಹೇಳುತ್ತಿದ್ದರು. ಇಡೀ ವೃತ್ತಕ್ಕೆ ಆ ಮನೆಯ ಸಂಸಾರವೆಲ್ಲ ಬಾಯಿಪಾಠವಾಗಿತ್ತು.

ಮೂರನೇ ತಿಂಗಳಲ್ಲಿ ಮೊದಲಮ್ಮನಿಗೆ ಸೋಂಕು ತಗುಲಿತು. ಮಗಳ ವಾರ್ಡಿಗೇ ಸೇರಿಸಿದರು. ಎಂಟು ದಿನ ವೃತ್ತದಲ್ಲಿ ಅವರ ಗುರುತು ಖಾಲಿಯಿತ್ತು. ಬೇರೆ ಯಾರೂ ಅಲ್ಲಿ ನಿಲ್ಲಲಿಲ್ಲ. ಒಂಬತ್ತನೇ ಬೆಳಗ್ಗೆ ಮಗಳು ಬಂದು ತನ್ನ ಗುರುತಿನ ಮೇಲೆ ನಿಂತು, ತಲೆ ತಗ್ಗಿಸಿದರು. ಹೆಗಲು ಕುಲುಕುತ್ತಿತ್ತು. ಮೊದಲಮ್ಮ ಹೋದರೆಂದು ಯಾರೂ ಕೇಳಿ ತಿಳಿಯಬೇಕಿರಲಿಲ್ಲ.

"ಕರುಳು ಕಿತ್ತು ಬಂತು ಸಾರ್. ಅವಳು ಚಿಕ್ಕೋಳಿದ್ದಾಗ ಬಿದ್ದು ಅಳ್ತಾ ಬಂದ್ರೆ ಎರಡೂ ಕೈ ಅಗಲ ಮಾಡ್ತಿದ್ದೆ, ಓಡಿ ಬರೋಳು. ಅವತ್ತೂ ಕೈ ತಾನಾಗೇ ಅಗಲ ಆಯ್ತು. ಒಂದು ಕಾಲು ಗೆರೆಯಿಂದ ಒಳಗಿಟ್ಟೇಬಿಟ್ಟೆ."

ಮಗಳು ತಲೆ ಎತ್ತಿದರು. ಅಂಗೈ ಮುಂದೆ ಚಾಚಿ ಎರಡೇ ಮಾತು ಹೇಳಿದರು: "ಅಪ್ಪಾ, ಗೆರೆ."

ಹೇಳಿದ ಮಾತು ಮೀರದವರನ್ನು ನಾವು 'ಹಾಕಿದ ಗೆರೆ ದಾಟದವರು' ಎನ್ನುತ್ತೇವೆ. ಇಲ್ಲಿ ಗೆರೆ ಹಾಕಿದವರೂ ಅವರೇ, ದಾಟಬಾರದವರೂ ಅವರೇ. ಮನೆಯ ಕಿಟಕಿ ಪಕ್ಕ ಉಬ್ಬಸದ ಜೀವ ಕಾದು ಕೂತಿತ್ತು. ಗೆರೆಯಣ್ಣ ಕಾಲು ಹಿಂದೆ ತೆಗೆದರು. ನಾನು ಗ್ಯಾಲರಿಯಲ್ಲಿದ್ದೆ, ಕಣ್ಣಾರೆ ಕಂಡೆ. ಕಾಲು ಹಿಂದೆ ತೆಗೆದವರು ಹಿಂದಿದ್ದ ಬಣ್ಣದ ಗಾಡಿಯನ್ನು ಎಳೆದುಕೊಂಡು ವೃತ್ತದ ಮೇಲೆ ಇಟ್ಟರು. ಬೆಳಗ್ಗೆಯಷ್ಟೇ ಎಳೆದಿದ್ದ, ಇನ್ನೂ ಹೊಳೆಯುತ್ತಿದ್ದ ಗೆರೆಯ ಮೇಲೆಯೇ ಮತ್ತೆ ಬಣ್ಣ ಬಿಡುತ್ತಾ ಹೊರಟರು.

ದಾರಿಯಲ್ಲಿ ನಿಂತವರು ಒಬ್ಬೊಬ್ಬರಾಗಿ ಹಿಂದೆ ಸರಿದು ಜಾಗ ಬಿಟ್ಟರು. ತರಕಾರಿಯವರ ಕೂಗು ನಿಂತಿತು. ಮೂಟೆ ಹೊತ್ತಿದ್ದ ನಾಯಕ ಮೂಟೆ ಇಳಿಸುವುದನ್ನೇ ಮರೆತು ನಿಂತರು. ಗಾಡಿಯ ಗಾಲಿಯ ಸದ್ದೊಂದೇ. ಅರ್ಧ ಸುತ್ತು ನಡೆದು, ಮಗಳಿಗೆ ಎರಡು ಮಾರು ಇರುವಾಗ ಗಾಡಿ ನಿಲ್ಲಿಸಿದರು.

"ಗೆರೆ ದಾಟಬೇಡ ಅಂದ್ಲು. ಗೆರೆ ಮೇಲೆ ನಡೀಬೇಡ ಅನ್ನಲಿಲ್ಲವಲ್ಲ" ಎನ್ನುತ್ತಾರೆ ಈಗ, ನಗುತ್ತಾ.

ಅಲ್ಲಿ ನಿಂತು, ಅವತ್ತಿನ ಪ್ರಶ್ನೆಯನ್ನು ಮೆಲ್ಲಗೆ ಕೇಳಿದರಂತೆ, ಮೂರು ತಿಂಗಳಲ್ಲಿ ಮೊದಲ ಸಲ ಕೂಗದೆ. ಏನು ಕೇಳಿದರೋ ನಮಗೆ ಯಾರಿಗೂ ಕೇಳಿಸಲಿಲ್ಲ. ಮೊನ್ನೆ ಅವರ ಮನೆಗೆ ಹೋದಾಗ ಮಗಳನ್ನು ವಿಚಾರಿಸಿದೆ. ಈಗಲೂ ಅದೇ ಆಸ್ಪತ್ರೆಯಲ್ಲಿದ್ದಾರೆ, ಮನೆಯಿಂದಲೇ ಓಡಾಡುತ್ತಾರೆ. "ಅದು ಮನೆ ವಿಷಯ. ಐದು ತಿಂಗಳಲ್ಲಿ ಊರಿಗೆ ಗೊತ್ತಾಗದೆ ಉಳಿದದ್ದು ಅದೊಂದೇ, ಇರಲಿ ಬಿಡಿ" ಎಂದು ನಕ್ಕರು. ಕಿಟಕಿ ಪಕ್ಕದಿಂದ ಅಮ್ಮ, "ನಾನು ಕೇಳಿದ್ದು ಊಟ ಮಾಡಿದ್ಯಾ ಅಂತ ಅಷ್ಟೇ. ಇವರು ಹೋಗಿ ಏನು ಕೇಳಿದ್ರೋ" ಎಂದು ದನಿ ಸೇರಿಸಿದರು. ಅವರ ಮಡಿಲಲ್ಲಿ ಭಾನುವಾರದ ಪಂದ್ಯಕ್ಕೆ ತಯಾರಾಗಬೇಕಿದ್ದ ಬಲೆ ಇತ್ತು.

ಮಾರುಕಟ್ಟೆ ಓಣಿಗೆ ವಾಪಸ್ ಹೋದ ಮೇಲೆ ಮೈದಾನದ ಅರ್ಧ ಬೋಳಾಗಿತ್ತು. ಆಟ ಮತ್ತೆ ಶುರುವಾದಾಗ ಮೊದಲ ಪಂದ್ಯದಲ್ಲಿ ತಂಡ ಮೂರು ಗೋಲು ತಿಂದಿತು. ಚೆಂಡು ಎಲ್ಲಿ ಪುಟಿಯುತ್ತದೋ ಚೆಂಡಿಗೇ ಗೊತ್ತಿರಲಿಲ್ಲ. ಗ್ಯಾಲರಿ ತುಂಬಾ ಬಡಾವಣೆಯ ಜನ, ಸೋತವರಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ವರದಿಯಲ್ಲಿ ಮೈದಾನ ಆಟಕ್ಕೆ ಯೋಗ್ಯವಾಗಿರಲಿಲ್ಲ ಎಂದು ಬರೆದಿದ್ದೆ. ಅದನ್ನು ಇವತ್ತು ಹಿಂದಕ್ಕೆ ಪಡೆಯುತ್ತಿದ್ದೇನೆ. ಹುಲ್ಲು ಮತ್ತೆ ಹುಟ್ಟಲು ಎರಡು ವರ್ಷ ಹಿಡಿಯಿತು.

ಬಿಸಿಲು ಏರುತ್ತಿದೆ. ಗೆರೆಯಣ್ಣ ಗಾಡಿ ತೊಳೆದು, ಗೂಟ ಕಿತ್ತು, ಹಗ್ಗವನ್ನು ಮಾರು ಹಾಕುತ್ತಾ ಸುತ್ತುತ್ತಾರೆ. ಅಂಗೈಯಲ್ಲಿ, ಬಣ್ಣ ಬರುವ ಮೊದಲು ಸುಣ್ಣದಿಂದ ಗೆರೆ ಎಳೆಯುತ್ತಿದ್ದ ಕಾಲದ ಬಿರುಕುಗಳು ಇನ್ನೂ ಇವೆ. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ, ಇಂಥ ಬರಹಕ್ಕೆ ಬಂದವರು ಕೇಳಲೇಬೇಕಾದ ಪ್ರಶ್ನೆ.

"ಏನಿಲ್ಲ ಸಾರ್. ಅಷ್ಟು ಜನ ನಿಂತಿದ್ರು, ನನ್ನ ಗೆರೆ ಯಾರೂ ದಾಟಲಿಲ್ಲ. ನಾನೂ ದಾಟಲಿಲ್ಲ. ಅಷ್ಟು ಸಾಕು."

ಚಪ್ಪಲಿ ಮೆಟ್ಟಿ ನಾಲ್ಕು ಹೆಜ್ಜೆ ಹೋದವರು ನಿಂತು, ನನ್ನ ಬೆಳಗಿನ ಪ್ರಶ್ನೆ ಈಗ ನೆನಪಾದವರಂತೆ ವೃತ್ತದ ಕಡೆ ಕೈ ತೋರಿಸುತ್ತಾರೆ.

"ಅವತ್ತು ಗಾಡಿ ನಿಲ್ಲಿಸಿದ್ನಲ್ಲ, ಅಲ್ಲಿಂದ ಶುರು ಮಾಡ್ತೀನಿ. ಮೊದಲು ಆ ಎರಡು ಮಾರು ಮುಗಿಸಿಬಿಡ್ತೀನಿ. ಉಳಿದ ಸುತ್ತು ಆಮೇಲೆ."